ಒಳ ಅಳತೆ

ಇವಾನ್ಯಿತ್ಸಾ, 2 ಅಕ್ಟೋಬರ್ 2006

ಒಬ್ರೆನ್ ಚಿಕ್ಕಪ್ಪನವರಿಗೆ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ತಪ್ಪುತ್ತದೆ. ಎಂಟನೇ ತರಗತಿ ಮುಗಿಸಿ ಶಾಲೆ ಬಿಟ್ಟವಳು. ಆಮೇಲೆ ನಾನು ಬರೆದದ್ದೆಲ್ಲ ಹಲಗೆಯ ಮೇಲೆ ಅಂಕಿಗಳು ಮಾತ್ರ. ಓದಲು ಆಗದ ಕಡೆ ದಯವಿಟ್ಟು ಊಹಿಸಿಕೊಳ್ಳಿ.

ನಾನು ದಾರಿಂಕಾ, ಡೋಲು ಬಾರಿಸುತ್ತಿದ್ದ ವಿಲೋತಿಯೆಯ ಮಗಳು. ನನಗೆ ಹೆಸರಿಟ್ಟವರು ಅಪ್ಪನ ಗೆಳೆಯರಾದ ನೀವು ಎಂದು ಅಮ್ಮ ಇದ್ದಾಗ ಹೇಳುತ್ತಿದ್ದಳು. ನೀವು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಾಗ ನನಗೆ ಹನ್ನೆರಡು. ಈಗ ಇಪ್ಪತ್ಮೂರು. ವಿಳಾಸ ನಿಮ್ಮ ಅಕ್ಕ ಕೊಟ್ಟರು.

ಅಪ್ಪನ ಕಿವಿ ಹೋಗುತ್ತಿದೆ. ಮೇಲಿನ ಸ್ವರದಿಂದ ಕೆಳಗಿನ ಸ್ವರಕ್ಕೆ ಹೋಗುತ್ತಿದೆ. ಮೊದಲು ಹಕ್ಕಿಗಳು ಹೋದವು, ಅದನ್ನು ಅಪ್ಪ ಗಮನಿಸಲೇ ಇಲ್ಲ. ಆಮೇಲೆ ಫೋನಿನ ಗಂಟೆ. ಹೋದ ವರ್ಷ ನನ್ನ ದನಿ. ಈಗ ಮರದ ಚೂರುಗಳ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸುತ್ತೇನೆ, ಅವರು ಓದಿ ಒಲೆಗೆ ಹಾಕುತ್ತಾರೆ. ಕೇಳುವುದು ತೀರ ಕೆಳಗಿನ ಶಬ್ದಗಳು ಮಾತ್ರ. ಸೇತುವೆಯ ಮೇಲೆ ಹೋಗುವ ಮರದ ಲಾರಿ, ನೆಲಮಾಳಿಗೆಯಲ್ಲಿ ಪೀಪಾಯಿ ಉರುಳುವುದು. ಅದೂ ಉಳಿಯುವುದಿಲ್ಲ ಎಂದು ಬೆಲ್‌ಗ್ರೇಡಿನ ಡಾಕ್ಟರು ಹೇಳಿದರು. ಎಷ್ಟು ದಿನ ಎಂದು ಕೇಳಿದೆ. "ಚಳಿಗಾಲ ಪೂರ್ತಿ ಸಿಕ್ಕಿದ್ರೆ ಅದೃಷ್ಟ ಅಂದ್ಕೊಳ್ಳಿ" ಅಂದರು.

ಹೋದ ವಾರ ಊಟದ ನಡುವೆ ಅಪ್ಪ ಇದ್ದಕ್ಕಿದ್ದಂತೆ, "ಇನ್ನೊಂದೇ ಸಲ ಆ ಕೆಳಗಿಂದು ಕೇಳ್ಬೇಕು ಮಗಾ" ಅಂದರು. ಡೋಲಾ, ಅಟ್ಟದಿಂದ ಇಳಿಸಲಾ ಎಂದು ಬರೆದು ತೋರಿಸಿದೆ. "ಡೋಲು ಯಾರಿಗ್ ಬೇಕು. ಒಂಟಿ ಡೋಲು ಅಂದ್ರೆ ಕಂಬಳಿ ಕೊಡವಿದಂಗೆ. ಅದರ ಕೆಳಗಿರ್ತಿತ್ತಲ್ಲ, ಅದು" ಅಂದು ಸಾರಿಗೆ ರೊಟ್ಟಿ ಅದ್ದಿಕೊಂಡರು. ಬ್ಯಾಂಡಿನಲ್ಲಿ ಅಪ್ಪನ ಡೋಲಿನ ಕೆಳಗಿರುತ್ತಿದ್ದದ್ದು ನೀವು ಹೆಗಲಿಗೆ ಸುತ್ತಿಕೊಂಡು ಊದುತ್ತಿದ್ದ ಹೆಲಿಕೊನ್, ಆ ದೊಡ್ಡ ಹಿತ್ತಾಳೆಯ ಕೊಂಬು.

ರೇಡಿಯೊದವರು ಬಂದು ನಮ್ಮ ಅಂಗಳದಲ್ಲಿ ನಿಮ್ಮೆಲ್ಲರ ವಾದ್ಯ ಮುದ್ರಿಸಿಕೊಂಡು ಹೋಗಿದ್ದರಲ್ಲ, ಆ ಕ್ಯಾಸೆಟ್ ನಮ್ಮಲ್ಲಿದೆ. ನಮ್ಮ ಟೇಪಿನಲ್ಲಿ ಹಾಕಿದರೆ ತುತ್ತೂರಿಗಳು ಮಾತ್ರ ಕೇಳುತ್ತವೆ, ಅದೂ ನನಗೆ. ಕೆಳಗಿನ ಶಬ್ದ ಬರಬೇಕಾದರೆ ಸಬ್‌ವೂಫರ್ ಎಂಬ ಸ್ಪೀಕರ್ ಪೆಟ್ಟಿಗೆ ಬೇಕಂತೆ. ಉಜಿತ್ಸೆಯ ಅಂಗಡಿಯಲ್ಲಿ ಕಪ್ಪು ಬಣ್ಣದ್ದು ಒಂದಿದೆ, ಮುಂದೆ ನೀಲಿ ದೀಪ ಹತ್ತುತ್ತದೆ. ನೀವು ಅಂಥ ಪೆಟ್ಟಿಗೆಗಳನ್ನು ಕೈಯಾರೆ ಕಟ್ಟುತ್ತೀರಿ ಎಂದು ನಿಮ್ಮ ಅಕ್ಕ ಹೇಳಿದರು. ನಾನು ಗ್ವೊಜ್ದೆನ್ ಅವರ ಬೀರು ಮಾಡುವ ಕಾರ್ಖಾನೆಯಲ್ಲಿ ಏಳು ವರ್ಷದಿಂದ ಹಲಗೆ ಕೊಯ್ಯುತ್ತಿದ್ದೇನೆ. ಕೊಳ್ಳಲೋ, ಕಟ್ಟಲೋ? ಒಂದು ಮಾತು ಬರೆದರೆ ಸಾಕು.

ಅಪ್ಪನಿಗೆ ಈ ಪತ್ರದ ವಿಷಯ ಗೊತ್ತಿಲ್ಲ.

ತಪ್ಪುಗಳಿಗೆ ನಗಬೇಡಿ.
ದಾರಿಂಕಾ


ಜ್ರೆನ್ಯಾನಿನ್, 11 ಅಕ್ಟೋಬರ್

ದಾರಿಂಕಾ ಮಗಳೇ,

ನಿನ್ನ ಅಕ್ಷರಕ್ಕೇನೂ ಆಗಿಲ್ಲ. ನಿಮ್ಮಪ್ಪ ಇಪ್ಪತ್ತು ವರ್ಷ ನನ್ನ ಹೆಸರನ್ನು ತಪ್ಪಾಗಿ ಬರೆದ, ನಾನೇನು ಸತ್ತೆನೇ.

ಕೊಳ್ಳಬೇಡ. ಅಂಗಡಿಯ ಆ ಕಪ್ಪು ಪೆಟ್ಟಿಗೆ ಒಂದೇ ಮಾತು ಕಲಿತ ಗಿಣಿ. ಸಿನಿಮಾದಲ್ಲಿ ಕಾರು ಉರುಳಿದರೂ ಗುಮ್, ಮನೆ ಬಿದ್ದರೂ ಗುಮ್. ಹೆಲಿಕೊನ್ ಹಾಗಲ್ಲ. ಅದು ಮೆಟ್ಟಿಲು ಇಳಿಯುವ ದಪ್ಪ ಮನುಷ್ಯನಂತೆ, ಒಂದೊಂದು ಹೆಜ್ಜೆಯೂ ಬೇರೆ. ವಿಲೋತಿಯೆಗೆ ಹೆಜ್ಜೆ ಬೇಕು, ಗುಮ್ ಬೇಡ.

ಇನ್ನೊಂದು ಕಾರಣವೂ ಇದೆ. ಆ ಮನುಷ್ಯನ ಎದುರಿಗೆ ನಾನು ಒಂದು ಸಲ ರೆಡಿಮೇಡ್ ಸಾಮಾನು ಇಟ್ಟಿದ್ದೇನೆ. ಎರಡನೇ ಸಲ ಇಡುವುದಿಲ್ಲ.

ಇಲ್ಲಿ ಮುಚ್ಚಿಹೋದ ಚಿತ್ರಮಂದಿರದ ಒಂದು ಸ್ಪೀಕರ್ ನನ್ನ ಹತ್ತಿರ ಇದೆ, ಊಟದ ತಟ್ಟೆಗಿಂತ ದೊಡ್ಡದು. ಅಂಚಿನ ಅಂಟು ಬಿಟ್ಟಿದೆ, ಸರಿಮಾಡಿ ಬಸ್ಸಿನವನ ಕೈಯಲ್ಲಿ ಕಳಿಸುತ್ತೇನೆ. ಆಂಪ್ಲಿಫೈಯರೂ ಅದರ ಜೊತೆಗೇ ಬರುತ್ತದೆ. ನೀನು ಪೆಟ್ಟಿಗೆ ಮಾಡಿಡು. ಇಪ್ಪತ್ತೆರಡು ಮಿಲಿಮೀಟರಿನ ಪ್ಲೈವುಡ್. ಅಳತೆ: ಅಗಲ ನಲವತ್ತು, ಆಳ ನಲವತ್ತು, ಎತ್ತರ ನಲವತ್ತೈದು ಸೆಂಟಿಮೀಟರ್. ಗಾಳಿ ಆಡುವ ಕೊಳವೆಯ ಚಿತ್ರ ಹಿಂದಿನ ಪುಟದಲ್ಲಿದೆ. ಕೀಲುಗಳಲ್ಲಿ ಕೂದಲೆಳೆಯಷ್ಟೂ ಸಂದು ಇರಬಾರದು.

ಪತ್ರ ಬರೆದೆ ಎಂದು ಅವನಿಗೆ ಹೇಳಬೇಕೋ ಬೇಡವೋ, ಅದು ನಿನಗೆ ಬಿಟ್ಟದ್ದು.

ಒಬ್ರೆನ್


ಇವಾನ್ಯಿತ್ಸಾ, 29 ಅಕ್ಟೋಬರ್

ಒಬ್ರೆನ್ ಚಿಕ್ಕಪ್ಪ,

ಹಲಗೆ ಕೊಯ್ದಾಯಿತು. ಕೆಲಸ ಮುಗಿದ ಮೇಲೆ ಅಂಟು ಹಾಕುತ್ತಿದ್ದಾಗ ಗ್ವೊಜ್ದೆನ್ ಅವರು ಬಂದು ನಿಂತರು. "ಇದೇನಮ್ಮಾ, ಬೆಕ್ಕಿಗೆ ಶವಪೆಟ್ಟಿಗೆ ಮಾಡ್ತಿದೀಯಾ?" ಅಂದರು. ವಿಷಯ ಹೇಳಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, "ನನ್ನ ಮಗಂದೊಂದು ಅಂಥಾ ಪೆಟ್ಟಿಗೆ ಮಂಚದ ಕೆಳಗೆ ಬಿದ್ದಿದೆ. ಅವ್ನು ಸೈನ್ಯದಲ್ಲಿದಾನೆ, ಧೂಳು ಕೇಳ್ತಿದೆ ಅದನ್ನ. ಇವತ್ತೇ ವ್ಯಾನಲ್ಲಿ ಹಾಕ್ಕೊಂಡ್ ಹೋಗು, ಈಸ್ಟರ್ ಆದ್ಮೇಲೆ ತಂದ್ಕೊಡು" ಅಂದರು.

ನಾನು ಬೇಡ, ಕಟ್ಟುತ್ತಿದ್ದೇನೆ ಅಂದೆ.

"ಅಪ್ಪನಿಗೆ ತಕ್ಕ ಮಗಳು. ಹಸಿವಾಯ್ತು ಅಂದ್ರೆ ಗೋಧಿ ಬಿತ್ತೋಕ್ ಹೋಗೋ ಜನ ನೀವು" ಎಂದು ನಗುತ್ತ ಹೋದರು.

ನಾನು ಬೇಡ ಅಂದದ್ದು ಸರಿಯೇ ಎಂದು ಒಂದು ಸಾಲು ಬರೆಯಿರಿ. ಅಪ್ಪನಿಗೆ ಲಾರಿಗಳು ಇನ್ನೂ ಕೇಳುತ್ತಿವೆ. ಲಾರಿ ಹೋದಾಗಲೆಲ್ಲ ಬೆರಳೆತ್ತಿ "ಖಾಲಿ" ಅಥವಾ "ತುಂಬಿದೆ" ಅನ್ನುತ್ತಾರೆ. ಕಿಟಕಿಯಿಂದ ನೋಡುತ್ತೇನೆ, ಒಂದೂ ತಪ್ಪುವುದಿಲ್ಲ.

ಸ್ಪೀಕರ್ ಯಾವಾಗ ಬರಬಹುದು?

ದಾರಿಂಕಾ


ಜ್ರೆನ್ಯಾನಿನ್, 9 ನವೆಂಬರ್

ದಾರಿಂಕಾ,

ಸರಿಯಾಗಿಯೇ ಮಾಡಿದೆ. ಬೇಡ ಅಂದದ್ದು ಸರಿ.

ಸ್ಪೀಕರಿನ ಅಂಚನ್ನು ಅಂಟಿಸಿದ್ದೆ, ನಡುವಿಗೆ ಸರಿಯಾಗಿ ಕೂರಲಿಲ್ಲ, ಒಳಗೆ ಕರಕರ ಉಜ್ಜುತ್ತಿತ್ತು. ಬಿಚ್ಚಿ ಮತ್ತೆ ಮಾಡುತ್ತಿದ್ದೇನೆ. ಅಂಟು ಒಣಗಬೇಕು. ಅರೆಬರೆ ಮಾಡಿ ಆ ಮನೆಗೆ ಕಳಿಸಲಾರೆ. ಹದಿನೈದು ದಿನ ತಾಳು.

ಯಾಕೆ ಇಷ್ಟು ಹಟ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮಪ್ಪ ನಿನಗೆ ಹೇಳಿರಲಾರ. ತೊಂಬತ್ತೈದರಲ್ಲಿ ಆರಿಲ್ಯೆಯಲ್ಲಿ ಒಂದು ಮದುವೆ. ಬ್ಯಾಂಡಿನ ಅರ್ಧ ಜನ ಬಿಟ್ಟುಹೋಗಿದ್ದರು, ಜನರಿಗೂ ಹೊಸದು ಬೇಕಿತ್ತು. ನಾನು ಒಂದು ಕೀಬೋರ್ಡ್ ಕೊಂಡಿದ್ದೆ. ಒಂದು ಗುಂಡಿ ಒತ್ತಿದರೆ ಡೋಲು, ಇನ್ನೊಂದು ಒತ್ತಿದರೆ ಕೊಂಬು. ಅವನಿಗೆ ಮೊದಲೇ ಹೇಳುವ ಧೈರ್ಯ ಇರಲಿಲ್ಲ. ಅವನು ಡೋಲನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದ, ಅಷ್ಟರಲ್ಲಿ ಅವನ ಡೋಲು ಅವನಿಲ್ಲದೆಯೇ ಮೊಳಗುತ್ತಿತ್ತು, ಜನ ಕೈಕೈ ಹಿಡಿದು ಕೋಲೊ ಕುಣಿಯುತ್ತಿದ್ದರು. ಒಂದು ಕುಣಿತ ಮುಗಿಯುವವರೆಗೆ ನಿಂತು ಪೂರ್ತಿ ಕೇಳಿದ. ಆಮೇಲೆ ನನ್ನ ಹತ್ತಿರ ಬಂದು, "ಚೆನ್ನಾಗಿದೆ ಒಬ್ರೆನ್. ಇದಕ್ಕೆ ಬೆವರೇ ಬರಲ್ವಲ್ಲ" ಅಂದ. ಅಷ್ಟೇ. ಬೈದಿದ್ದರೆ ಮಾರನೇ ದಿನ ಕುಡಿದು ಸರಿಹೋಗುತ್ತಿದ್ದೆವು.

ಅದಕ್ಕೇ ಈ ಪೆಟ್ಟಿಗೆಗೆ ನನ್ನ ಬೆವರು ಬರಬೇಕು.

ಒಬ್ರೆನ್


ಇವಾನ್ಯಿತ್ಸಾ, 3 ಡಿಸೆಂಬರ್

ಒಬ್ರೆನ್ ಚಿಕ್ಕಪ್ಪ,

ಸ್ಪೀಕರ್ ಬಂತು. ಬಸ್ಸಿನ ಡ್ರೈವರ್ ಇಳಿಸಿಕೊಡುತ್ತ, "ಏನಿದು, ಯಾರದಾದ್ರೂ ಅಜ್ಜೀನ ಕಳಿಸಿದಾರಾ?" ಅಂದ. ಮನೆಯವರೆಗೆ ಕೈಗಾಡಿಯಲ್ಲಿ ತಂದೆ. ನೀವು ಬರೆದಂತೆಯೇ ಕೂರಿಸಿ, ತಂತಿ ಹಾಕಿ, ಶನಿವಾರ ಮಧ್ಯಾಹ್ನ ಕ್ಯಾಸೆಟ್ ಹಾಕಿದೆ.

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ನಿಮ್ಮ ಕೆಲಸವನ್ನು ದೂರುತ್ತಿದ್ದೇನೆ ಅಂದುಕೊಳ್ಳಬೇಡಿ. ಅಪ್ಪ ಅಡುಗೆಮನೆಯಿಂದ ಎದ್ದು ಬಂದರು, ಅಂದರೆ ಕೇಳಿಸಿತು. ಬಾಗಿಲ ಕಡೆ ನೋಡಿ, "ಹೊರಗೆ ಯಾರೋ ಬಸ್ ನಿಲ್ಸಿದಾರೆ, ಎಂಜಿನ್ ಆರಿಸಿಲ್ಲ" ಅಂದರು. ನಾನು ಪೆಟ್ಟಿಗೆ ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತರು, ಮಂಡಿಯ ಮೇಲೆ ಕೈ ಇಟ್ಟುಕೊಂಡು, ಫೋಟೊ ತೆಗೆಸಿಕೊಳ್ಳುವವರ ಹಾಗೆ. ಸ್ವಲ್ಪ ಹೊತ್ತು ಕೇಳಿದರು.

"ಒಂದೇ ಸ್ವರ ಗುಮ್ಮಂತಿದೆ. ಬೇರೇವೆಲ್ಲ ಅದರ ಹಿಂದೆ ಬಚ್ಚಿಟ್ಕೊಂಡಿವೆ" ಅಂದರು. ಆಮೇಲೆ ಎದ್ದು ಪೆಟ್ಟಿಗೆಯ ಸುತ್ತ ಬಂದು ಕೀಲುಗಳ ಮೇಲೆ ಉಗುರು ಎಳೆದು ನೋಡಿದರು. "ಕೆಲ್ಸ ಚೊಕ್ಕಟವಾಗಿದೆ. ಲೆಕ್ಕ ಹಾಕಿದ್ದು ಯಾರು?"

ಒಂದು ಪುಸ್ತಕ ನೋಡಿದೆ ಎಂದು ಬರೆದು ತೋರಿಸಿದೆ. ಸುಳ್ಳು ಬರೆದೆ.

ಅಪ್ಪ ಅದನ್ನು ಬಹಳ ಹೊತ್ತು ಓದಿದರು. ಓದಲು ಮೂರೇ ಪದ ಇದ್ದವು. "ಪುಸ್ತಕಕ್ಕೆ ಹೇಳು, ಒಳಗೆ ಇನ್ನೊಂಚೂರು ಜಾಗ ಬಿಡೋಕೆ" ಅಂದು ಆ ಚೂರನ್ನು ಒಲೆಗೆ ಹಾಕಿದರು.

ಏನು ತಪ್ಪಿದೆ ತಿಳಿಸಿ. ಬೇಗ ತಿಳಿಸಿ. ಈಗೀಗ ಖಾಲಿ ಲಾರಿಗಳಿಗೆ ಅವರು ಬೆರಳೆತ್ತುವುದಿಲ್ಲ, ತುಂಬಿದವಕ್ಕೆ ಮಾತ್ರ.

ದಾರಿಂಕಾ


ಜ್ರೆನ್ಯಾನಿನ್, 8 ಡಿಸೆಂಬರ್

ದಾರಿಂಕಾ,

ನಿನ್ನ ಪತ್ರ ಓದಿ ಎದ್ದು ಹೋಗಿ ನನ್ನದೇ ಒಂದು ಪೆಟ್ಟಿಗೆಯನ್ನು ಅಳೆದೆ. ಆಗ ಗೊತ್ತಾಯಿತು. ನೀನು ನಲವತ್ತನ್ನು ಹೊರಗಿನಿಂದ ಅಳೆದಿದ್ದೀಯ.

ತಪ್ಪು ನಿನ್ನದಲ್ಲ. ಬೀರು ಮಾಡುವವರು ಹೊರಗಿನಿಂದಲೇ ಅಳೆಯುತ್ತಾರೆ, ಅದು ಗೋಡೆಗೆ ಕೂರಬೇಕಲ್ಲ. ನಮ್ಮಂಥವರು ಒಳಗಿನಿಂದ ಅಳೆಯುತ್ತೇವೆ, ನಮಗೆ ಬೇಕಾದ್ದು ಒಳಗಿನ ಗಾಳಿ. ನಾನು ಅಂಕಿ ಬರೆದೆ, ಯಾವ ಕಡೆಯಿಂದ ಎಂದು ಬರೆಯಲಿಲ್ಲ. ಮೂವತ್ತು ವರ್ಷದಿಂದ ಪೆಟ್ಟಿಗೆ ಕಟ್ಟುತ್ತಿದ್ದೇನೆ, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡೆ. ಎಪ್ಪತ್ತೆರಡು ಲೀಟರ್ ಗಾಳಿ ಇರಬೇಕಾದಲ್ಲಿ ಐವತ್ತೊಂದು ಉಳಿಯಿತು. ಉಸಿರು ಕಟ್ಟಿದರೆ ಯಾರು ತಾನೆ ಎರಡು ಸ್ವರ ಹಾಡುತ್ತಾರೆ.

ಮತ್ತೆ ಮಾಡಬೇಕು. ಹೊರ ಅಳತೆ ನಲವತ್ನಾಲ್ಕು ಪಾಯಿಂಟ್ ನಾಲ್ಕು, ಅಷ್ಟೇ ಆಳ, ಎತ್ತರ ನಲವತ್ತೊಂಬತ್ತು ಪಾಯಿಂಟ್ ನಾಲ್ಕು. ಸಂತ ಯೋಹಾನನ ದಿನಕ್ಕೆ, ನಿಮ್ಮ ಮನೆಯ ಹಬ್ಬಕ್ಕೆ, ಮುಗಿಯುತ್ತದೆ. ಇನ್ನೂ ಆರು ವಾರ ಇದೆ.

ಒಳಗೆ ಜಾಗ ಬಿಡೋಕೆ ಅಂದನೇ? ಬಿಚ್ಚಿ ನೋಡದೆಯೇ ಹೇಳಿದನೇ?

ಒಬ್ರೆನ್


ಇವಾನ್ಯಿತ್ಸಾ, 28 ಡಿಸೆಂಬರ್

ಒಬ್ರೆನ್ ಚಿಕ್ಕಪ್ಪ,

ಕಾರ್ಖಾನೆಯಲ್ಲಿ ಹೊಸ ವರ್ಷದ ಮೊದಲು ಹೋಟೆಲೊಂದಕ್ಕೆ ಬೀರುಗಳು ಹೋಗಬೇಕಿತ್ತು, ಎರಡು ವಾರ ಗರಗಸ ಖಾಲಿ ಸಿಗಲಿಲ್ಲ. ನಡುವೆ ನಾಚಿಕೆ ಬಿಟ್ಟು ಗ್ವೊಜ್ದೆನ್ ಅವರ ಹತ್ತಿರ ಹೋಗಿ ಅವರ ಮಗನ ಪೆಟ್ಟಿಗೆ ಕೇಳಿದೆ. "ಅಯ್ಯೋ, ಅವ್ನು ರಜಕ್ಕೆ ಬಂದಾಗ ಯಾವನೋ ಗೆಳೆಯನಿಗೆ ಕೊಟ್ಬಿಟ್ಟ. ಆವತ್ತೇ ತಗೊಂಡಿದ್ರೆ ಆಗ್ತಿತ್ತಲ್ಲಮ್ಮಾ" ಅಂದರು. ಉಜಿತ್ಸೆಗೆ ಹೋಗಿ ಆ ನೀಲಿ ದೀಪದ್ದನ್ನೇ ತಂದುಬಿಡೋಣ ಎಂದು ಬಸ್ ನಿಲ್ದಾಣದವರೆಗೂ ಹೋದೆ. ಟಿಕೆಟಿನ ಸಾಲಿನಲ್ಲೂ ನಿಂತೆ.

ವಾಪಸ್ ಬಂದುಬಿಟ್ಟೆ. ಯಾಕೆಂದರೆ ಹಿಂದಿನ ದಿನ ಹೊಸ ಹಲಗೆಗಳನ್ನು ಮನೆಗೆ ತಂದಿದ್ದೆ, ಅಪ್ಪ ತಾವಾಗಿಯೇ ಮರಳು ಕಾಗದ ತೆಗೆದುಕೊಂಡು ಅವನ್ನು ಉಜ್ಜಲು ಕುಳಿತಿದ್ದರು. ಅಮ್ಮ ಹೋದ ಮೇಲೆ ಅವರು ಒಂದು ಕೆಲಸಕ್ಕೆ ಹೀಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಉಜ್ಜುವಾಗ ಸಿಳ್ಳೆ ಹಾಕುತ್ತಾರೆ. ಅದು ಅವರಿಗೆ ಕೇಳಿಸುವುದಿಲ್ಲ, ಶ್ರುತಿ ಎಲ್ಲೋ ಹೋಗಿದೆ. ಆದರೂ ಯಾವ ಕುಣಿತದ್ದು ಎಂದು ನನಗೆ ಗೊತ್ತಾಗುತ್ತದೆ. ಆ ಕೆಲಸವನ್ನು ಅವರ ಕೈಯಿಂದ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ.

ನಿನ್ನೆ ತುಂಬಿದ ಲಾರಿ ಹೋಯಿತು. ಅಪ್ಪ ತಲೆ ಎತ್ತಲಿಲ್ಲ. ಕೆಲಸದಲ್ಲಿ ಮುಳುಗಿದ್ದರು ಅಂದುಕೊಂಡೆ.

ಜನವರಿ 20 ನಮ್ಮ ಹಬ್ಬ. ಮನೆಯ ಸಂತನ ಹಬ್ಬಕ್ಕೆ ಯಾರನ್ನೂ ಕರೆಯಬಾರದು, ಒಂದು ಸಲ ಬಂದವರು ಪ್ರತಿ ವರ್ಷ ತಾವಾಗಿಯೇ ಬರುತ್ತಾರೆ, ಕರೆದರೆ ಹೊರಗಿನವರು ಅಂದಂತಾಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ನಿಮಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ನಾನು ಏನೂ ಬರೆಯುತ್ತಿಲ್ಲ. ಬೆಳಿಗ್ಗೆ ಹತ್ತರಿಂದ ಬಾಗಿಲು ತೆರೆದಿರುತ್ತದೆ, ಅಷ್ಟೇ.

ದಾರಿಂಕಾ


ಜ್ರೆನ್ಯಾನಿನ್, 8 ಜನವರಿ 2007

ದಾರಿಂಕಾ,

ಕೀಲುಗಳಿಗೆಲ್ಲ ಒಳಗಿನಿಂದ ಇನ್ನೊಂದು ಸಲ ಅಂಟು ಎಳೆ. ಮುಗಿದ ಮೇಲೆ ಕ್ಯಾಸೆಟ್ ಹಾಕಿ, ಒಂದು ಮೇಣದಬತ್ತಿಯನ್ನು ಕೀಲುಗಳ ಉದ್ದಕ್ಕೂ ಹಿಡಿದು ನೋಡು. ಜ್ವಾಲೆ ಅಲುಗಿದರೆ ಅಲ್ಲಿ ಗಾಳಿ ಸೋರುತ್ತಿದೆ. ಕೊಳವೆಯ ಬಾಯಿಯ ಹತ್ತಿರ ಮಾತ್ರ ಅಲುಗಬೇಕು.

ಒಂದು ಕೇಳಬೇಕಿತ್ತು. ಅವನು ನನ್ನ ಹೆಸರೇನಾದರೂ ಎತ್ತಿದನೇ? ಎತ್ತಿದ್ದರೆ ಎರಡು ಸಾಲು ಬರೆ. ಎತ್ತಿಲ್ಲದಿದ್ದರೆ ಬರೆಯಬೇಡ, ನಾನು ತಿಳಿದುಕೊಳ್ಳುತ್ತೇನೆ.

ಒಬ್ರೆನ್


ಇವಾನ್ಯಿತ್ಸಾ, 22 ಜನವರಿ

ಒಬ್ರೆನ್ ಚಿಕ್ಕಪ್ಪ,

ಪೆಟ್ಟಿಗೆ ಹಬ್ಬದ ಹಿಂದಿನ ದಿನ ಮುಗಿಯಿತು. ಅಪ್ಪ ಹೊರಗೆ ಹೋಗಿದ್ದಾಗ ಒಂದು ನಿಮಿಷ ಕ್ಯಾಸೆಟ್ ಹಾಕಿ ನೋಡಿದೆ, ಕೊಳವೆಯ ಬಾಯಿ ಬಿಟ್ಟು ಮೇಣದಬತ್ತಿ ಎಲ್ಲೂ ಅಲುಗಲಿಲ್ಲ.

ಹಬ್ಬದ ದಿನ ಪಾದ್ರಿ ಬಂದು ರೊಟ್ಟಿ ಮುರಿದು ಹೋದ ಮೇಲೆ, ಜನ ಊಟಕ್ಕೆ ಕುಳಿತಿದ್ದಾಗ ಕ್ಯಾಸೆಟ್ ಹಾಕಿದೆ. ನಿಮ್ಮ ಕೊಂಬು ಹೀಗಿತ್ತು ಎಂದು ನನಗೆ ನೆನಪಿರಲಿಲ್ಲ. ಒಂದೊಂದು ಹೆಜ್ಜೆಯೂ ಬೇರೆ, ನೀವು ಬರೆದ ಹಾಗೆಯೇ. ಬಟ್ಟಲುಗಳಲ್ಲಿ ಸಾರು ನಡುಗಿತು. ಗ್ವೊಜ್ದೆನ್ ಅವರು ಚಮಚ ಕೆಳಗಿಟ್ಟು, "ಒಪ್ಪಿದೆ ತಾಯಿ, ಅಂಗಡೀದು ಇದರ ಮುಂದೆ ತಗಡು" ಅಂದರು. ಇಬ್ಬರು ಹೆಂಗಸರು ಕುಣಿಯಲು ಎದ್ದು ಕೈ ಹಿಡಿದುಕೊಂಡರು, ಮೇಜಿನ ಸುತ್ತ ಜಾಗ ಇಲ್ಲದಿದ್ದರೂ.

ಅಪ್ಪ ಜನರ ಮುಖಗಳನ್ನು ನೋಡುತ್ತಿದ್ದರು. ಎಲ್ಲರೂ ಕೇಳುತ್ತಿದ್ದಾರೆ ಎಂದು ಮುಖ ನೋಡಿಯೇ ತಿಳಿದುಕೊಂಡರು. ಎದ್ದು ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. "ಚೆನ್ನಾಗಿ ನಡುಗ್ತಿದೆ ಮಗಾ. ಏನು ಬಾರಿಸ್ತಿದಾರೆ?" ಅಂದರು.

ಬರೆದು ತೋರಿಸಿದೆ. ಅವರು ಓದಿಕೊಂಡು ಬೆರಳುಗಳಿಂದ ಪೆಟ್ಟಿಗೆಯ ಮೇಲೆ ಡೋಲಿನ ಪೆಟ್ಟು ಹಾಕತೊಡಗಿದರು. ಅದು ಕ್ಯಾಸೆಟ್ಟಿಗಿಂತ ಹಿಂದೆ ಬಿತ್ತು, ಆಮೇಲೆ ಇನ್ನೂ ಹಿಂದೆ. ಹೆಂಗಸರು ಕೈ ಬಿಟ್ಟು ಕೂತರು. ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡುತ್ತಿದ್ದರು. ಅಪ್ಪನಿಗೆ ಅದೂ ತಿಳಿಯಿತು. ಕೈ ತೆಗೆದು, "ಎಲೆಕೋಸಿನ ಸುರುಳಿ ತಣ್ಣಗಾಗ್ತಿದೆ, ತಿನ್ನಿ" ಅಂದರು.

ನೀವು ಕೇಳಿದ್ದಕ್ಕೆ. ಅವರು ನಿಮ್ಮ ಹೆಸರು ಎತ್ತಲಿಲ್ಲ. ಎತ್ತದಿದ್ದರೆ ಬರೆಯಬೇಡ ಅಂದಿರಿ, ಅದಕ್ಕೆ ಬರೆಯಲಿಲ್ಲ. ಆದರೆ ಹೊಸ ವರ್ಷದಿಂದ ಈಚೆಗೆ ಎರಡು ಸಲ, "ಪುಸ್ತಕ ಏನನ್ನುತ್ತೆ?" ಎಂದು ಕೇಳಿದ್ದರು. ಅದನ್ನು ಬರೆಯಬೇಕಿತ್ತೋ ಏನೋ. ನನಗೆ ಇಂಥದ್ದು ತಿಳಿಯುವುದಿಲ್ಲ.

ಆ ದಿನ ಮನೆಗೆ ಮೂವತ್ತೊಂದು ಜನ ಬಂದಿದ್ದರು. ಎಲ್ಲರೂ ಹೋದ ಮೇಲೆ ಅಪ್ಪ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ, "ಯಾರೂ ಬರ್ಲಿಲ್ಲ" ಅಂದರು.

ದಾರಿಂಕಾ


ಜ್ರೆನ್ಯಾನಿನ್, 6 ಫೆಬ್ರವರಿ

ದಾರಿಂಕಾ,

ನಾಲ್ಕು ಸಲ ಬರೆಯಲು ಕುಳಿತು ಎದ್ದಿದ್ದೇನೆ.

ಇಪ್ಪತ್ತನೇ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ ನಾನು ನಿಮ್ಮೂರಿಗೆ ಬಸ್ ಬದಲಿಸುವ ಚಾಚಾಕ್ ನಿಲ್ದಾಣದಲ್ಲಿದ್ದೆ. ಕೊಂಬು ಕಂಬಳಿಯಲ್ಲಿ ಸುತ್ತಿ ಪಕ್ಕದಲ್ಲಿತ್ತು. ಅದನ್ನು ನಾನು ಯಾವತ್ತೂ ಮಾರಲಿಲ್ಲ, ಹನ್ನೊಂದು ವರ್ಷ ಬೀರುವಿನ ಮೇಲೆ ಮಲಗಿತ್ತು. ಇವಾನ್ಯಿತ್ಸಾದ ಬಸ್ ಬಂತು. ಕಂಡಕ್ಟರ್, "ಹತ್ತೋದಾದ್ರೆ ಹತ್ತು ಅಜ್ಜಾ, ನಿನ್ನ ಹಾವನ್ನ ಹಿಂದಿನ ಸೀಟಲ್ಲಿ ಮಲಗ್ಸು" ಅಂದ. ಮುಂದಿನದಕ್ಕೆ ಬರುತ್ತೇನೆ ಅಂದೆ. ಮುಂದಿನದೂ ಬಂತು. ಕರೆಯದೆ ಬರುವುದು ಪ್ರತಿ ವರ್ಷ ಬರುವವನ ಹಕ್ಕು. ಹನ್ನೊಂದು ವರ್ಷ ಬಾರದವನಿಗೆ ಅದು ಉಳಿದಿರುತ್ತದೆಯೇ ಎಂದು ಯಾರನ್ನು ಕೇಳುವುದು? ನಿನ್ನಿಂದ ಎರಡು ಸಾಲೂ ಬಂದಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆ.

ಬಂದಿದ್ದರೂ ಆಗ ಅವನಿಗೆ ಕೇಳಿಸುತ್ತಿರಲಿಲ್ಲ, ನಿನ್ನ ಪತ್ರದಿಂದ ತಿಳಿಯಿತು. ಅದು ಸಮಾಧಾನ ಅಲ್ಲ.

ಅಕ್ಟೋಬರಿನಲ್ಲಿ ನೀನು ಕೊಳ್ಳಲೋ ಕಟ್ಟಲೋ ಎಂದು ಕೇಳಿದೆ. ನಾನು ಎಷ್ಟೊಂದು ಬರೆದೆ, ಗಿಣಿ, ಮೆಟ್ಟಿಲು, ಬೆವರು. ಕೊಳ್ಳುವುದೂ ಕಟ್ಟುವುದೂ ಬೇಕಿರಲಿಲ್ಲ ಮಗಳೇ. ಕೊಂಬು ಬೀರುವಿನ ಮೇಲಿತ್ತು. ಬೆಳಿಗ್ಗೆ ಐದಕ್ಕೆ ಬಸ್ ಇತ್ತು. ಅವನ ಅಡುಗೆಮನೆಯಲ್ಲಿ ನಿಂತು ಊದಿದ್ದರೆ ಅವನಿಗೆ ಪೂರ್ತಿ ಕೇಳಿಸುತ್ತಿತ್ತು. ನಾನು ಅದರ ಬದಲು ನಿನಗೆ ಅಳತೆ ಬರೆದು ಕಳಿಸಿದೆ, ಅದನ್ನೂ ಅರ್ಧ ಬರೆದೆ.

ಈಗ ಬರಲೇ? ಕರೆಯಬೇಕೆಂದು ಕೇಳುತ್ತಿಲ್ಲ. ಬರಬಹುದೇ ಎಂದು ಕೇಳುತ್ತಿದ್ದೇನೆ.

ಒಬ್ರೆನ್


ಇವಾನ್ಯಿತ್ಸಾ, 11 ಮಾರ್ಚ್

ಒಬ್ರೆನ್ ಚಿಕ್ಕಪ್ಪ,

ಉತ್ತರ ತಡವಾಯಿತು. ನಿಮ್ಮ ಪತ್ರವನ್ನು ಒಂದು ತಿಂಗಳು ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಹೋದ ಭಾನುವಾರ ಅಪ್ಪನ ಮುಂದೆ ಇಟ್ಟೆ, ಮೊದಲಿನ ಪತ್ರಗಳನ್ನೂ ಇಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು. ಸಿಟ್ಟಾಗಲಿಲ್ಲ.

"ಕೊಂಬು ತಂದಿದ್ನಾ?" ಅಂದರು. ತಲೆಯಾಡಿಸಿದೆ. "ಚಾಚಾಕ್‌ವರ್ಗೂ?" ಮತ್ತೆ ತಲೆಯಾಡಿಸಿದೆ. ಹೊರಗೆ ಹೋಗಿ ಸೌದೆ ಒಡೆದರು, ಒಡೆಯುವಂಥದ್ದು ಏನೂ ಉಳಿದಿರಲಿಲ್ಲ, ಸಣ್ಣವನ್ನೇ ಇನ್ನೂ ಸಣ್ಣ ಮಾಡಿದರು. ಒಳಗೆ ಬಂದ ಮೇಲೆ ನೀವು ಬರಬಹುದೇ ಎಂದು ಬರೆದು ತೋರಿಸಿದೆ.

ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಬದಲಾಯಿಸಿದರೆ ಇನ್ನೊಂದು ತಪ್ಪಾಗುತ್ತದೆ. "ಈಗ್ ಬಂದು ಏನ್ ಮಾಡ್ತಾನೆ. ನನ್ ಎದುರಿಗೆ ಕೆನ್ನೆ ಉಬ್ಬಿಸ್ಕೊಂಡು ಕೂರ್ತಾನಾ? ನೋಡೋಕ್ ಆಗಲ್ಲ ನಂಗೆ. ಬೇಡ ಅಂತ ಬರಿ." ಆಮೇಲೆ, "ಒರಟಾಗಿ ಬರೀಬೇಡ" ಅಂದರು. ಒರಟಲ್ಲದ ಹಾಗೆ ಬರೆಯಲು ನನಗೆ ಬರಲಿಲ್ಲ, ಕ್ಷಮಿಸಿ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆಯಬೇಕು ಅಂದುಕೊಂಡು ಕುಳಿತೆ. ಒಂದೊಂದು ದಿನ ಇರುತ್ತದೆ, ಒಂದೊಂದು ದಿನ ಇರುವುದಿಲ್ಲ. ಆದರೆ ಗ್ವೊಜ್ದೆನ್ ಅವರಿಗೆ ಬೇಡ ಅಂದವಳು ನಾನು. ನಿಮಗೆ ಬರೆದು ಕೇಳುವ ಮೊದಲೇ ಅಂದಿದ್ದೆ. ಆ ದಿನ ವ್ಯಾನಿನಲ್ಲಿ ಹಾಕಿಕೊಂಡು ಬಂದಿದ್ದರೆ ಅಪ್ಪನಿಗೆ ನವೆಂಬರ್ ಪೂರ್ತಿ ಸಿಗುತ್ತಿತ್ತು, ಡಿಸೆಂಬರಿನಲ್ಲೂ ಸ್ವಲ್ಪ. ಅಂಥ ರೆಡಿಮೇಡ್ ಪೆಟ್ಟಿಗೆಗೆ ಒಂದೇ ಮಾತು ಬರುತ್ತಿತ್ತು, ನೀವು ಹೇಳಿದ್ದು ನಿಜ. ಆ ಒಂದು ಮಾತನ್ನು ಅಪ್ಪ ಕೇಳುತ್ತಿದ್ದರು. ಅದರ ಹಿಂದೆ ಬಚ್ಚಿಟ್ಟುಕೊಂಡದ್ದನ್ನು ಅವರೇ ನೆನಪಿನಿಂದ ತುಂಬಿಕೊಳ್ಳುತ್ತಿದ್ದರೋ ಏನೋ. ನಮ್ಮ ಪೆಟ್ಟಿಗೆಗೆ ಎಲ್ಲ ಮಾತೂ ಬರುತ್ತದೆ. ಅದನ್ನು ಕೇಳುವವಳು ನಾನೊಬ್ಬಳೇ. ನಾನೂ ಫೆಬ್ರವರಿಯಿಂದ ಹಾಕಿಲ್ಲ, ನೆಲ ನಡುಗಿದರೆ ಅಪ್ಪ ನನ್ನ ಮುಖ ನೋಡುತ್ತಾರೆ.

ಸ್ಪೀಕರನ್ನು ಬಿಚ್ಚಿ ಬಸ್ಸಿನವನ ಕೈಯಲ್ಲಿ ವಾಪಸ್ ಕಳಿಸಬೇಕೆಂದಿದ್ದರೆ ತಿಳಿಸಿ. ಬಿಚ್ಚಬೇಕಾದರೆ ಅಂಚಿನ ಅಂಟು ಕಿತ್ತುಬರುತ್ತದೆ, ಅದನ್ನು ಮೊದಲೇ ಹೇಳುತ್ತಿದ್ದೇನೆ.

ಇಲ್ಲಿ ಹಿಮ ಕರಗಿದೆ. ಮೊಸರಿನ ಖಾಲಿ ಡಬ್ಬಿಗಳಲ್ಲಿ ಹಾಕಿದ್ದ ಮೆಣಸಿನಕಾಯಿ ಬೀಜ ಮೊಳೆತಿದೆ. ಮನೆಯಲ್ಲಿ ಬಿಸಿಲು ಬೀಳುವುದು ಪೆಟ್ಟಿಗೆ ಇರುವ ಕಿಟಕಿಯ ಹತ್ತಿರ ಮಾತ್ರ. ಇವತ್ತು ಬೆಳಿಗ್ಗೆ ಪೆಟ್ಟಿಗೆಯ ಮೇಲೆ ಹಳೆಯ ವೃತ್ತಪತ್ರಿಕೆ ಹಾಸಿ ಡಬ್ಬಿಗಳನ್ನು ಸಾಲಾಗಿ ಇಟ್ಟು ನೀರು ಹಾಕಿದೆ.

ದಾರಿಂಕಾ